ಅಕ್ಕನ ನಂಬರಿಗೆ ಬಂದ ಒಟಿಪಿ

ಬಾಗಿಲು ಭದ್ರ ಮಾಡುವುದನ್ನು ಮಧುಗಿರಿಯವರಿಗೆ ಯಾರೂ ಕಲಿಸಬೇಕಿಲ್ಲ. ನಮ್ಮ ಬೆಟ್ಟದ ಕೋಟೆ ಕಟ್ಟಿದವರು ಒಂದು ಬಾಗಿಲನ್ನು ನಂಬಿದವರೇ ಅಲ್ಲ. ಅದನ್ನು ದಾಟಿದರೆ ಇನ್ನೊಂದು. ಆದರೆ ಆಗ ಬಾಗಿಲ ಹಿಂದೆ ಒಬ್ಬ ಮನುಷ್ಯನಿರುತ್ತಿದ್ದ. ಗೋಳು ಹೇಳಿಕೊಂಡರೆ ಕೇಳುತ್ತಿದ್ದನೇನೋ.

ಕೊರಟಗೆರೆಯಲ್ಲಿದ್ದ ನನ್ನಕ್ಕ ತನಗೆ ಬರುತ್ತಿದ್ದ ಸೋಬಾನೆ ಪದಗಳನ್ನೆಲ್ಲ ಫೋನಿನಲ್ಲಿ ಹಾಡಿ, ಇಮೇಲ್ ಖಾತೆಯಲ್ಲಿ ಕೂಡಿಟ್ಟಿದ್ದಳು. ಅದಕ್ಕೆ ಎರಡು ಹಂತದ ಕಾವಲು: ಮೊದಲು ಪಾಸ್‌ವರ್ಡ್, ಆಮೇಲೆ ಫೋನಿಗೆ ಬರುವ ಒಟಿಪಿ. ಪಾಸ್‌ವರ್ಡ್ ನನಗೆ ಗೊತ್ತಿತ್ತು. ಫೋನು ಅಕ್ಕನ ಜೊತೆ ಆಸ್ಪತ್ರೆಗೆ ಹೋದದ್ದು ಅಲ್ಲೇ ಕಳೆದುಹೋಯಿತು. ಅಕ್ಕನೂ ವಾಪಸು ಬರಲಿಲ್ಲ. ಸೂತಕದ ಮನೆಯಲ್ಲಿ ಸಿಮ್ಮಿನ ನೆನಪು ಯಾರಿಗಿರುತ್ತದೆ? ರೀಚಾರ್ಜಿಲ್ಲದೆ ನಂಬರೂ ಸತ್ತಿತು. ಅದಕ್ಕೆ ಮಾತ್ರ ಪುನರ್ಜನ್ಮವಿತ್ತು.

ಅಕ್ಕನ ಮಗಳ ಮದುವೆ ಗೊತ್ತಾಯಿತು. ಹಸೆಗೆ ಕೂತಾಗ ಅಮ್ಮನ ಹಾಡು ಕೇಳಬೇಕೆಂದು ಹುಡುಗಿಯ ಆಸೆ. ಹಳೆಯ ನಂಬರಿಗೆ ನಾನೇ ಫೋನು ಮಾಡಿದೆ. ಎತ್ತಿದವರು, ಆ ನಂಬರು ಹೊಸದಾಗಿ ಸಿಕ್ಕಿದ್ದ ವೈ.ಎನ್. ಹೊಸಕೋಟೆಯ ನಾಗಮ್ಮ. ಎಲ್ಲ ಹೇಳಿ, ಒಟಿಪಿ ಕೇಳಿದೆ.

“ಅಯ್ಯೋ ದೇವುಡಾ! ಅದನ್ನ ಯಾರ್ಗೂ ಹೇಳ್ಬ್ಯಾಡಿ ಅಂತ ಫೋನೇ ದಿನಾ ಬಡ್ಕೊಂತೈತೆ. ಸತ್ತೋರ ಹೆಸ್ರೇಳ್ಕೊಂಡು ಕೇಳ್ತೀಯಲ್ಲ, ನಾಚ್ಕೆ ಆಗಾಕಿಲ್ವಾ?”

ಫೋನು ಕಟ್ಟಾಯಿತು. ಮೋಸ ಮಾಡುವವರೂ ನನ್ನ ಹಾಗೆಯೇ ಸತ್ತವರ ಕಥೆ ಹೇಳುತ್ತಾರೆಂದು ಆಗ ತಿಳಿಯಿತು.

ಮತ್ತೆ ಮತ್ತೆ ಕಾಡಿ ವಿಳಾಸ ತಿಳಿದುಕೊಂಡು, ಅಕ್ಕನ ಫೋಟೊ ಹಿಡಿದು ಬಸ್ಸು ಹತ್ತಿದೆ. ನಾಗಮ್ಮ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ಫೋಟೊ ನೋಡಿದರು, ನನ್ನ ಮುಖ ನೋಡಿದರು.

“ಮೂಗು ಒಂದೇ ತರ ಐತೆ. ತಗಾ,” ಎಂದು ಫೋನನ್ನೇ ಕೈಗಿಟ್ಟರು.

ಒಟಿಪಿ ಬಂತು. ಒತ್ತಿದೆ. ಖಾತೆ ತೆರೆಯಲಿಲ್ಲ. ಇದು ನೀವೇ ಎಂದು ನಿಮ್ಮ ಹಳೆಯ ಫೋನಿನಲ್ಲಿ ಖಚಿತಪಡಿಸಿ ಎಂದಿತು. ಕಳೆದುಹೋದ ಫೋನಿನಲ್ಲಿ, ಇಲ್ಲದ ಅಕ್ಕ! ಬಿಡದೆ ಪ್ರಯತ್ನಿಸಿದೆ, ಕೊನೆಗೆ ಅನುಮಾನಾಸ್ಪದ ವ್ಯಕ್ತಿಯೆಂದು ನನ್ನನ್ನೇ ಹೊರಗಿಟ್ಟಿತು. ಅಕ್ಕನ ಹಾಡುಗಳು ಭದ್ರವಾಗಿವೆ, ಅವಳ ಮಗಳಿಂದಲೂ. ಮದುವೆಗೆ ಬಾಡಿಗೆ ಬ್ಯಾಂಡಿನವರು ಇದ್ದೇ ಇದ್ದಾರೆ.

ಹೊರಡುವಾಗ ನಾಗಮ್ಮ ತಡೆದು ಕೇಳಿದರು: “ನಿಮ್ಮಕ್ಕನ್ನ ಕೇಳ್ಕೊಂಡು ಈಗ್ಲೂ ಫೋನ್ ಬತ್ತವೆ ಕಣಮ್ಮ. ರಾಂಗ್ ನಂಬರ್ ಅಂತಿದ್ದೆ. ಇನ್ಮೇಲೆ ಹೋಗ್ಬುಟ್ರು ಅಂತ ಹೇಳ್ಲಾ?”

ಎಲ್ಲೋ ಯಾರಿಗೋ ಅಕ್ಕ ಇನ್ನೂ ಬದುಕಿದ್ದಾಳೆ.

“ಬೇಡಮ್ಮ,” ಎಂದೆ. “ರಾಂಗ್ ನಂಬರ್ ಅಂತಲೇ ಹೇಳಿ.”