ಕಸಕ್ಕೆ ಹೋದ ಸದ್ದಿಗಾಗಿ ಎಂಟು ವರ್ಷ

ಬೆಳಗಿನ ಐದು ಗಂಟೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ವಾಲ್ವ್ ಮಾವ ತಾಮ್ರದ ತಂತಿ ಸುತ್ತುತ್ತಿದ್ದಾರೆ. ಟ್ರಾನ್ಸ್‌ಫಾರ್ಮರ್‌ಗೆ ಬೇಕಾದ ಈ ತಂತಿ ಕೂದಲಿನಷ್ಟು ತೆಳು. ಹಳೆಯ ಹೊಲಿಗೆ ಯಂತ್ರದ ಚಕ್ರವನ್ನು ಒಂದು ಕೈಯಲ್ಲಿ ತಿರುಗಿಸುತ್ತ, ಇನ್ನೊಂದು ಕೈಯ ಬೆರಳ ಸಂದಿಯಲ್ಲಿ ತಂತಿಯನ್ನು ಜಾರಬಿಡುತ್ತಾರೆ. ಎರಡು ಸಾವಿರದ ಮುನ್ನೂರು ಸುತ್ತು ಆಗಬೇಕು. ಸಾವಿರದ ಒಂಬೈನೂರರ ಹತ್ತಿರ ತಂತಿ ಟಕ್ಕೆಂದು ತುಂಡಾಗುತ್ತದೆ. ಅವರು ಸುತ್ತಿದ್ದನ್ನೆಲ್ಲ ಬಿಚ್ಚಲು ಶುರುಮಾಡುತ್ತಾರೆ.

ಬೆಸುಗೆ ಹಾಕಿ ಮುಂದುವರಿಸಬಾರದೇ ಎಂದು, ಅವರ ಬಗ್ಗೆ ಬರೆಯಲು ಬಂದ ನಾನು ಕೇಳಿದರೆ, "ಹಾಕಬಹುದು ಅಕ್ಕ. ಆ ಜಾಗ ಬಿಸಿಯಾಗಿ ಒಂದಿನ ಸುಟ್ಟೋಗುತ್ತೆ. ಒಂದು ಸುಟ್ಟಿದ್ದು ಸಾಲದಾ?" ಎನ್ನುತ್ತಾರೆ.

ಬೀದಿಯವರಿಗೆ ಇವರು ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅರವತ್ತೊಂಬತ್ತರ ಮುದುಕ. ಗಾಜಿನ ವಾಲ್ವುಗಳಿದ್ದ ಕಾಲದ ರೇಡಿಯೊ ಬಿಚ್ಚಿದವರಾದ್ದರಿಂದ ಆ ಹೆಸರು. ಮನೆಯಲ್ಲಿ ಕಟ್ಟುತ್ತಿರುವುದು ಮಾತ್ರ ಗಿಟಾರಿನ ಆಂಪ್ಲಿಫೈಯರ್. ಎಂದೋ ಮುಚ್ಚಿದ ಸಣ್ಣ ಕಾರ್ಖಾನೆಯೊಂದು ಇಂಥವನ್ನು ಇನ್ನೂರು ಮಾಡಿತ್ತಂತೆ. ಒಂದು ಇವರ ಹೆಂಡತಿಯ ತಮ್ಮನ ಬಳಿ ಇತ್ತು. ಮೂವತ್ತು ವರ್ಷ ಅದರಲ್ಲೇ ನುಡಿಸಿ ಸಂಸಾರ ಸಾಕಿದವನು ಅವನು.

ಎಂಟು ವರ್ಷದ ಹಿಂದೆ, ಧೂಳು ಒರೆಸಿಕೊಡಿ ಎಂದು ತಂದುಕೊಟ್ಟ. ಭಾವ ಒರೆಸಿದರು, ಅಷ್ಟಕ್ಕೇ ಬಿಡಲಿಲ್ಲ.

"ಒಳಗೆ ಸಣ್ಣಗೆ ಗುಂಯ್ ಅಂತಿತ್ತು. ರೇಡಿಯೊದವನಿಗೆ ಗುಂಯ್ ಅಂದ್ರೆ ರೋಗ. ಹಳೇ ಕಂಡೆನ್ಸರ್ ಎಲ್ಲಾ ಕಿತ್ತು ಕಸಕ್ಕೆ ಹಾಕ್ದೆ. ಎಲ್ಲಿ ಏನಿತ್ತು ಅಂತ ಬರ್ಕೊಳ್ಳೂ ಇಲ್ಲ. ಹೊಸದು ಹಾಕಿದ ಮೇಲೆ ಸದ್ದು ತೊಳೆದ ಕನ್ನಡಿ ಥರ ಆಯ್ತು. ಅವನು ಒಂದ್ಸಲ ಮೀಟಿದ. 'ಭಾವ, ಇದ್ಯಾರ ಧ್ವನಿ?' ಅಂದ."

ಮರಳಿ ಸರಿಮಾಡಲು ಹೋದಾಗ ಟ್ರಾನ್ಸ್‌ಫಾರ್ಮರೇ ಸುಟ್ಟಿತು. ಬಾಮೈದ ಆಮೇಲೆ ಎಲ್ಲೂ ನುಡಿಸಿಲ್ಲ. ಔಷಧಿ ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಕೊಡುತ್ತಾನೆ.

ಅಂದಿನಿಂದ ವಾಲ್ವ್ ಮಾವ ಅದರ ನಕಲು ಕಟ್ಟುತ್ತಿದ್ದಾರೆ. ನಾಲ್ಕು ಮುಗಿದು ಮಂಚದ ಕೆಳಗಿವೆ, ಈಗಿನದು ಐದನೆಯದು. "ಇದಕ್ಕೆ ಜಾಗ ಬೇಕಂದ್ರೆ ನಾನು ತವರಿಗೆ ಹೋಗ್ಬೇಕು. ಅಲ್ಲಿ ಹೋದ್ರೆ ಅವನ ಮುಖ ನೋಡ್ಬೇಕು," ಎನ್ನುತ್ತಾರೆ ಹೆಂಡತಿ, ಚಹಾ ಲೋಟ ಇಡುತ್ತ.

ಇನ್ನೊಂದು ಕಷ್ಟವನ್ನು ಅವರೇ ಹೇಳಬೇಕಾಯಿತು. ಗಂಡನ ಕಿವಿಗೆ ಈಗ ಕುಕ್ಕರಿನ ಸೀಟಿ ಕೇಳುವುದಿಲ್ಲ. ಗಿಟಾರ್ ತಂತಿಯ ಸಣ್ಣ ದನಿಯೂ ಅಷ್ಟೇ. ನಕಲಿನಲ್ಲಿ ಏನು ಕಮ್ಮಿ ಎಂಬುದನ್ನು ಬಾಮೈದನೇ ಹೇಳಬೇಕು. ಮೊದಲನೆಯದಕ್ಕೆ "ತಗಡು ಬಡಿದಂಗಿದೆ" ಎಂದಿದ್ದ. ಎರಡನೆಯದಕ್ಕೆ "ನೆಗಡಿ ಹಿಡಿದಂಗಿದೆ". ಆ ಬೈಗುಳ ಹಿಡಿದುಕೊಂಡೇ ಇವರು ಮುಂದಿನದನ್ನು ತಿದ್ದಿದ್ದು.

ನಾಲ್ಕನೆಯದು ಮುಗಿದ ಭಾನುವಾರ ಅವನು ಬಂದ. ಒಂದೇ ತಂತಿ ಮೀಟಿ, ಅದರ ದನಿ ಅಡಗುವವರೆಗೂ ನೆಲ ನೋಡಿದ. "ಅದೇ ಭಾವ, ಅದೇ. ಸಾಕು ಬಿಡಿ, ಮಲಗಿ ಇನ್ನು," ಎಂದು ಗಿಟಾರನ್ನು ಚೀಲಕ್ಕೆ ಹಾಕಿ ಹೊರಟ.

"ಅದೇ ಆಗಿದ್ರೆ ಎರಡನೇ ತಂತಿ ಯಾಕೆ ಮುಟ್ಟಲಿಲ್ಲ ರೀ?" ಎಂದು ಹೆಂಡತಿ ಕೇಳಿದ್ದಕ್ಕೆ ಅಂದು ಇವರು ಉತ್ತರ ಕೊಡಲಿಲ್ಲವಂತೆ.

ಇಂದು ಕೊಡುತ್ತಾರೆ.

"ಅವನಿಗೆ ನನ್ನ ಮೇಲೆ ಕರುಣೆ ಬಂದ್ಬಿಟ್ಟಿದೆ ಅಕ್ಕ. ಅದನ್ನ ಇಟ್ಕೊಂಡು ನಾನೇನು ರಿಪೇರಿ ಮಾಡ್ಲಿ? ಈ ಐದನೇದನ್ನ ಅವನು ಕೇಳಿ, ದರಿದ್ರವಾಗಿದೆ ಅಂತ ಒಂದ್ಸಲ ಬಾಯ್ತುಂಬ ಬೈದ್ರೆ ಸಾಕು. ಎಲ್ಲಿ ಕೆಟ್ಟಿದೆ ಅಂತಾದ್ರೂ ಗೊತ್ತಾಗುತ್ತೆ."