ದೇವಕ್ಕನ ಮನೆಯಲ್ಲಿಟ್ಟ ಪಸ್ತಾನ

ಅರಿಸಿನ ಹತ್ತಿದ ಕಾಗದಕ್ಕೆ ಬೇರೆಯದೇ ಒಂದು ವಾಸನೆ ಇರುತ್ತದೆ. ಅದು ಅಡುಗೆಮನೆಯ ಅರಿಸಿನದ ವಾಸನೆಯಲ್ಲ. ಸ್ವಲ್ಪ ಒಣಮಣ್ಣಿನಂತೆ, ಸ್ವಲ್ಪ ಹಳೆಯ ಟ್ರಂಕಿನಂತೆ ಇರುತ್ತದೆ. ಕಳೆದ ವಾರ ಕುಷ್ಟಗಿಯಲ್ಲಿ ನಾನು ಪಾಠ ಮಾಡುವ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಓರಿಯೆಂಟೇಷನ್ ವಾರಕ್ಕೆ ತಯಾರಿ ನಡೆದಿತ್ತು. ಖುರ್ಚಿ ಎಣಿಸಿ, ಹೆಸರಿನ ಪಟ್ಟಿ ಮೂರು ಸಲ ತಿದ್ದಿ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಉರಿಯುತ್ತಿತ್ತು. ಪ್ರತಿ ವರ್ಷ ಇದೇ ಕೆಲಸ, ಪ್ರತಿ ವರ್ಷ ಅದೇ ದಣಿವು. ಆಗ ಯಲಬುರ್ಗಾ ಕಡೆಯಿಂದ ಬಂದ ಹುಡುಗಿಯೊಬ್ಬಳು ತನ್ನ ಅಂಕಪಟ್ಟಿಯನ್ನು ಮುಂದಿಟ್ಟಳು. ಅದರ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಹಳದಿ ಕಲೆ. "ನಮ್ಮಜ್ಜಿ ಪೂಜಿ ಮಾಡ್ಯಾಳ್ರೀ ಮೇಡಂ, ಒರೆಸಿದ್ರ ಹೋಗವಲ್ದು," ಎಂದು ನಾಚಿಕೊಂಡಳು. ಇರಲಿ ಎಂದೆ. ಅವಳು ಹೋದ ಮೇಲೂ ಆ ಕಾಗದವನ್ನು ಕೆಳಗಿಡಲು ಆಗಲಿಲ್ಲ.

ನಮ್ಮ ಮನೆ ಸಿದ್ದಾಪುರದ ಹತ್ತಿರ, ಕಾಲುವೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅಪ್ಪ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದರು. ಅವ್ವ, ಕಾಕನ ಹೆಂಡತಿ ಚಿಗವ್ವ ಇಬ್ಬರೂ ನಾಟಿ ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವಳು ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು. ಸಂಜೆ ಅಪ್ಪ ಬಂದರೆ ತೌಡಿನ ವಾಸನೆ ಮೊದಲು ಒಳಗೆ ಬರುತ್ತಿತ್ತು. ಹೆಂಗಸರು ಬಂದರೆ ಕೆಸರಿನ ವಾಸನೆ. ಎಲ್ಲರೂ ಕಾಲು ತೊಳೆಯುವ ಕಲ್ಲು ಬಾಗಿಲ ಎಡಕ್ಕಿತ್ತು ಎಂದು ಬರೆಯಲು ಹೊರಟೆ. ಬಲಕ್ಕಿತ್ತೇನೋ. ನೆನಪು ನನ್ನನ್ನು ಇಂಥ ಕಡೆ ಕೈಬಿಡುತ್ತದೆ. ಆದರೆ ಆ ಕಲ್ಲಿನ ತಣ್ಣಗಿನ ಒರಟುತನ ಅಂಗಾಲಿಗೆ ಇನ್ನೂ ಗೊತ್ತು.

ಪಿಯುಸಿ ಮುಗಿದ ವರ್ಷ ದೂರದ ವಿಶ್ವವಿದ್ಯಾಲಯವೊಂದರಲ್ಲಿ ಐದು ವರ್ಷದ ಕೋರ್ಸಿಗೆ ನನಗೆ ಸೀಟು ಸಿಕ್ಕಿತು. ಓರಿಯೆಂಟೇಷನ್ ವಾರ ಬುಧವಾರ ಶುರು. ಮೊದಲ ದಿನ ಬೆಳಿಗ್ಗೆಯೇ ಮೂಲ ಅಂಕಪಟ್ಟಿ ತೋರಿಸದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ ಎಂದು ಪತ್ರದಲ್ಲಿತ್ತು. ಹಿಂದಿನ ವಾರವೆಲ್ಲ ಮನೆ ನನ್ನ ಸುತ್ತ ತಿರುಗಿತು. ಅವ್ವ ಕಡಕ್ ರೊಟ್ಟಿ ಬಡಿದು ಬಿಳಿ ಬಟ್ಟೆಯಲ್ಲಿ ಕಟ್ಟಿದಳು. ಚಿಗವ್ವ ಶೇಂಗಾ ಚಟ್ನಿ ಕುಟ್ಟಿದಳು. ಅಪ್ಪ ಗಂಗಾವತಿಯಿಂದ ನೀಲಿ ಬಕೆಟ್ಟು ತಂದರು. ಹಾಸ್ಟೆಲಿನಲ್ಲಿ ಬಕೆಟ್ಟು ಕೊಡುತ್ತಾರೋ ಇಲ್ಲವೋ ಎಂಬುದೇ ಎರಡು ದಿನದ ಚರ್ಚೆ. ಹೊರಡುವುದು ಮಂಗಳವಾರ ಎಂದಾಗ ಮಾತ್ರ ಆಯಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಮಂಗಳಾರ ಹೆಣ್ಮಗಳನ್ನ ಹೊರಗ ಕಳಸ್ತೀಯೇನೋ? ಅವರ ಸಾಲ್ಯಾಗ ಪಂಚಾಂಗ ಇಲ್ಲೇನು?"

"ಅದು ಸಾಲಿ ಅಲ್ಲಬೇ, ಯೂನಿವರ್ಸಿಟಿ," ಎಂದರು ಅಪ್ಪ.

"ಹಂಗಾರ ದೊಡ್ಡ ಪಂಚಾಂಗನ ಇರಬೇಕಲ್ಲ!"

ಚಿಗವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕೊನೆಗೆ ಪಸ್ತಾನ ಇಡುವುದೆಂದು ತೀರ್ಮಾನವಾಯಿತು. ಹೊರಡುವ ದಿನ ಒಳ್ಳೆಯದಲ್ಲದಿದ್ದರೆ ನಮ್ಮ ಕಡೆ ಹಿಂದಿನ ಒಳ್ಳೆಯ ದಿನವೇ ಹೋಗುವವರ ವಸ್ತುವೊಂದನ್ನು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಡುತ್ತಾರೆ. ಅಲ್ಲಿಗೆ ಪ್ರಯಾಣ ಶುರುವಾಯಿತೆಂದು ಲೆಕ್ಕ. ಮರುದಿನ ಆ ಗಂಟು ಎತ್ತಿಕೊಂಡು ಹಾಗೆಯೇ ಹೋಗಬೇಕು. ಒಮ್ಮೆ ಎತ್ತಿಕೊಂಡರೆ ತಿರುಗಿ ನಮ್ಮ ಹೊಸ್ತಿಲು ತುಳಿಯುವಂತಿಲ್ಲ. ಸೋಮವಾರ ಸಂಜೆ ಆಯಿ ಹಿಡಿ ಅಕ್ಕಿ, ಅರಿಸಿನ ಕೊಂಬು, ಅಡಿಕೆ, ಜೊತೆಗೆ ನನ್ನದೊಂದು ವಸ್ತು ಸೇರಿಸಿ ಗಂಟು ಕಟ್ಟಿ ಎದುರು ಮನೆಯ ದೇವಕ್ಕನ ದೇವರ ಗೂಡಿನಲ್ಲಿ ಇಟ್ಟು ಬಂದಳು. ದೇವಕ್ಕ ಒಬ್ಬಳೇ ಇದ್ದ ಹೆಂಗಸು. ಆಯಿಯ ಎಲೆ ಅಡಿಕೆ ಗೆಳತಿ.

ಮಂಗಳವಾರ ಬೆಳಿಗ್ಗೆ ಅಂಕಪಟ್ಟಿಯ ಫೈಲು ಹುಡುಕಿದರೆ ಚೀಲದಲ್ಲಿಲ್ಲ. ಆಯಿ ಗಂಟಿಗೆ ಸೇರಿಸಿದ ನನ್ನ ವಸ್ತು ಅದೇ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎದುರು ಮನೆಗೆ ಓಡಿದರೆ ಬೀಗ. ಹುಲಿಹೈದರದಲ್ಲಿದ್ದ ಮಗಳಿಗೆ ಹೆರಿಗೆ ನೋವೆಂದು ಸುದ್ದಿ ಬಂದು ದೇವಕ್ಕ ಹಿಂದಿನ ಸಂಜೆಯ ಬಸ್ಸಿಗೇ ಹೋಗಿಬಿಟ್ಟಿದ್ದಳು. ಅಪ್ಪ ಫೋನು ಹಚ್ಚಿದರು. ಅದು ಬೀಗದ ಹಿಂದೆ, ಮನೆಯೊಳಗೇ ರಿಂಗಾಯಿತು. "ಫೋನ್ ಬಿಟ್ಟು ಹೋಗ್ಯಾಳ ನೋಡ್ರಿ ಮಾರಾಯ್ತಿ!" ಎಂದಳು ಚಿಗವ್ವ. ಈ ಸಲ ಯಾರೂ ನಗಲಿಲ್ಲ. ಒಂಬತ್ತಕ್ಕೆ ಗಂಗಾವತಿಯಿಂದ ಬಸ್ಸು. ಅದು ತಪ್ಪಿದರೆ ಬುಧವಾರ ಬೆಳಿಗ್ಗೆ ಅಲ್ಲಿರುವುದು ಆಗದ ಮಾತು. ಹುಲಿಹೈದರಕ್ಕೆ ಹೋಗಿ ಕೀಲಿ ತರುವಷ್ಟು ಹೊತ್ತಿರಲಿಲ್ಲ.

"ಬಿಡು ತಂಗಿ, ಗಂಗಾವತ್ಯಾಗ ಡಿಗ್ರಿ ಮಾಡಿದ್ರಾತು," ಎಂದರು ಅಪ್ಪ. ಅವರ ದನಿಯಲ್ಲಿ ನಿರಾಳ ಇತ್ತು ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಈಗ ಖಾತ್ರಿಯಿಲ್ಲ. ದಣಿದವರ ದನಿಯೂ ಹಾಗೆಯೇ ಕೇಳುತ್ತದೆ. ಆಗ ನಾನು ತಿರುಗಿದ್ದು ಆಯಿಯ ಮೇಲೆ. ಓಣಿಯ ಜನ ನೋಡುತ್ತಿರುವಾಗಲೇ, "ನಿನ್ನ ಹುಚ್ಚು ಪದ್ಧತಿಗೆ ನನ್ನ ಬಾಳೇವು ಹಾಳಾತು. ಓದಾಕ ಬರ್ದಾಕಿ ನೀ, ನನ್ನ ಕಾಗದ ಯಾಕ ಮುಟ್ಟಿದಿ?" ಎಂದೆ. ಬಹಳಷ್ಟು ಮರೆತಿದ್ದೇನೆ. ಈ ಮಾತನ್ನು ಮಾತ್ರ ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದೇನೆ. ಆಯಿ ಒಳಗೆ ಹೋಗಿ ಚಟ್ನಿ ಅರೆಯುವ ಗುಂಡುಕಲ್ಲು ತಂದಳು.

"ಬ್ಯಾಡಬೇ, ಮಂದಿ ಮನಿ ಬೀಗ ಅದು. ಇವತ್ತು ಮಂಗಳಾರ ಬ್ಯಾರೆ," ಎಂದಳು ಅವ್ವ. ವಾರ, ತಿಥಿ, ಬೆಕ್ಕು ಅಡ್ಡ ಬಂದದ್ದು ಎಲ್ಲವನ್ನೂ ನೋಡುತ್ತಿದ್ದ ಆಯಿ ನಾಲ್ಕನೆಯ ಏಟಿಗೆ ಬೀಗ ಮುರಿದಳು. ಒಳಗೆ ಹೋಗಿ ಗಂಟು ತಂದು ನನ್ನ ಕೈಗಿಟ್ಟಳು. ಫೈಲಿನ ತುದಿಗೆ ಅರಿಸಿನ ಹತ್ತಿತ್ತು. ಆಗ ನೆನಪಾಯಿತು, ರೊಟ್ಟಿಯ ಗಂಟು ನಮ್ಮ ಮನೆಯ ಒಳಗೇ ಉಳಿದಿದೆ ಎಂದು. ಒಂದು ಹೆಜ್ಜೆ ಇಟ್ಟೆ. ಆಯಿ ಕೈ ಅಡ್ಡ ಹಿಡಿದಳು. "ಹೊಳ್ಳಿ ಹೋಗಬ್ಯಾಡ. ನಡಿ." ಚಿಗವ್ವ ಒಳಗಿಂದ ತಂದುಕೊಟ್ಟಳು. ಅಪ್ಪನ ಹಿಂದೆ ಬೈಕಿನಲ್ಲಿ ಕೂತೆ, ತೊಡೆಯ ಮೇಲೆ ಬಕೆಟ್ಟು. ಕಾಲು ಮುಟ್ಟಿ ನಮಸ್ಕಾರ ಮಾಡಿದೆನೋ ಇಲ್ಲವೋ ತಿಳಿಯದು. ಮಾಡಿರಲಿಕ್ಕಿಲ್ಲ. ಕಾಲುವೆಯ ತಿರುವಿನಲ್ಲಿ ನೋಡಿದಾಗ ಆಯಿ ದೇವಕ್ಕನ ಹೊಸ್ತಿಲ ಮೇಲೆ ಕೂತಿದ್ದಳು. ಬೀಗವಿಲ್ಲದ ಮನೆ, ಮಂದಿಯ ಸಾಮಾನು. ದೇವಕ್ಕ ಬರುವವರೆಗೆ ಎರಡು ದಿನ ಅಲ್ಲಿಂದ ಏಳಲಿಲ್ಲವಂತೆ.

ಬುಧವಾರ ಬೆಳಿಗ್ಗೆ ಸಾಲಿನಲ್ಲಿ ನಿಂತೆ. ಸೀಟು ಉಳಿಯಿತು. ಆ ವಾರ ಏನೇನು ಹೇಳಿಕೊಟ್ಟರು ಎಂಬುದು ಒಂದೂ ನೆನಪಿಲ್ಲ. ರಜೆಗೆ ಬಂದೆ, ಹೋದೆ. ಆಯಿ ಇನ್ನೂ ನಾಲ್ಕು ವರ್ಷ ಇದ್ದಳು. ನಾನು ಆ ಮಾತು ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ. ಅವಳು ಹೋದ ಮೇಲೆ ಮನೆ ಎರಡು ಪಾಲಾಯಿತು. ಅಪ್ಪ, ಅವ್ವ ನನ್ನ ಜೊತೆ ಕುಷ್ಟಗಿಗೆ ಬಂದರು. ಚಿಗವ್ವ, ಕಾಕ ಗಂಗಾವತಿ ಸೇರಿದರು. ಕೊಂಡವರು ಮನೆ ಕೆಡವಿ ಭತ್ತದ ಗೋದಾಮು ಕಟ್ಟಿದ್ದಾರೆ. ಹತ್ತಿರ ಹೋದರೆ ಹೊಸ ಸಿಮೆಂಟಿನ ಬಿಸಿ ಮುಖಕ್ಕೆ ಹೊಡೆಯುತ್ತದೆ.

ಆ ಹಳದಿ ಕಲೆ ನೋಡಿದ ಸಂಜೆ ಚಿಗವ್ವನಿಗೆ ಫೋನು ಮಾಡಿದೆ. ಆಯಿ ಅವತ್ತು ನನ್ನ ಫೈಲನ್ನೇ ಯಾಕೆ ಗಂಟಿಗೆ ಹಾಕಿದಳು ಎಂದು ಕೇಳಿದೆ.

"ಆಯಿ ಎಲ್ಲಿ ಹಾಕಿದ್ಳವಾ? ನಿಂದೊಂದು ವಸ್ತು ಕೊಡು ಅಂದ್ಳು. ಫೋನಿನ್ಯಾಗ ಮಾತಾಡ್ಕೋತ ನೀನ ಎತ್ತಿ ಕೊಟ್ಟಿ, ನಾ ಅಲ್ಲೇ ಇದ್ದೆ."

ಇರಬಹುದೇ? ಎಷ್ಟು ಹುಡುಕಿದರೂ ನನ್ನ ಕೈ ನನಗೆ ಕಾಣುತ್ತಿಲ್ಲ. ಆಯಿಯ ಕೈ ಮಾತ್ರ ಕಾಣುತ್ತದೆ. ಅದನ್ನೂ ನಾನೇ ಆಮೇಲೆ ಮಾಡಿಕೊಂಡದ್ದೋ ಏನೋ. ಹಾಗಾದರೆ ಅವಳು ಯಾಕೆ ಹೇಳಲಿಲ್ಲ ಎಂದೆ.

"ನಾ ಹೇಳಾಕ ಬಾಯಿ ತೆಗೆದ್ರ ಕೈ ಚಿವುಟಿದ್ಳು. ಹೋಗೋ ಹುಡುಗಿ, ತನ್ನ ತಪ್ಪು ಅಂತ ಅಳ್ಕೋತ ಹೋಗೋದು ಬ್ಯಾಡ, ಸಿಟ್ಟಿಲೆ ಹೋಗ್ಲಿ ಬಿಡು ಅಂತ ಕಿವ್ಯಾಗ ಅಂದ್ಳು."

ಆ ಎರಡು ದಿನ ಆ ಹೊಸ್ತಿಲಿಗೆ ಆಯಿಗೆ ಊಟ ಯಾರು ತಂದುಕೊಟ್ಟರು ಎಂದು ಕೇಳಿದೆ. ಚಿಗವ್ವನಿಗೆ ನೆನಪಿರಲಿಲ್ಲ.