ಹೆಣ್ಣುಗುದುರೆಯ ಯಜಮಾನರು
ಕುದುರೆ ಯಜಮಾನರು ಎಡಗಾಲು ಎಳೆದು ನಡೆಯುವವರು; ತಮ್ಮ ಹೆಣ್ಣುಗುದುರೆಯ ಹೆಸರು, ಉತ್ತಮ ತಳಿಯ ಕುದುರೆಗಳನ್ನು ದಾಖಲಿಸುವ ತಳಿ ಪುಸ್ತಕ ಸೇರಬೇಕೆಂಬುದೊಂದೇ ಅವರ ಹಟ. ತಳಿ ಸಂಘದವರು ಪರೀಕ್ಷೆ ಮಾಡುವ ದಿನ ಗೊತ್ತಾದದ್ದೇ ತಡ, ಮನೆಯ ಖರ್ಚಿಗೆಲ್ಲ ಕಡಿವಾಣ ಬಿತ್ತು. ಲಾಳಕ್ಕಿಷ್ಟು, ಲಾರಿ ಬಾಡಿಗೆಗಿಷ್ಟು ಎಂದು ತೆಗೆದಿಡುತ್ತಾ ತಾವು ಅಟ್ಟೆ ಕಿತ್ತ ಚಪ್ಪಲಿಯಲ್ಲೇ ಓಡಾಡಿದರು. ಕುದುರೆಗೆ ಬಿಸಿನೀರು, ಶಾಂಪೂ, ತಮಗೆ ತಣ್ಣೀರು. "ಮುಂದಿನ ಜನ್ಮಕ್ಕೆ ನಾನೂ ಈ ಲಾಯದಲ್ಲೇ ಹುಟ್ತೀನಿ ಬಿಡಿ" ಎಂದು ಹೆಂಡತಿ ಮೂದಲಿಸಿದರೆ, "ಹುಟ್ಟು, ಹಲ್ಲು ನೋಡಿ ಆಮೇಲೆ ಹೇಳ್ತೀನಿ" ಎನ್ನುವ ಆಸಾಮಿ. ಒಂದೇ ಚಿಂತೆಯೆಂದರೆ, ಯಜಮಾನರು ಹಗ್ಗ ಹಿಡಿದು ಓಡಿಸಿದಾಗಲೆಲ್ಲ ಕುದುರೆ ಕುಂಟುತ್ತಿತ್ತು. ಕುಂಟು ಕುದುರೆಯನ್ನು ಸಂಘದವರು ಮೂಸಿಯೂ ನೋಡರು. ಲಾಳ ಕಟ್ಟುವವನು ಗೊರಸು ಕೆರೆದ, ವೈದ್ಯರು ಕಾಲು ಹಿಂಡಿ ನೋಡಿದರು; ದುಡ್ಡು ಹೋಯಿತು, ಕುಂಟು ಹೋಗಲಿಲ್ಲ. ಕೊನೆಗೆ ಹೆಂಡತಿಯೇ ಹಗ್ಗ ಕಿತ್ತುಕೊಂಡು ಓಡಿದಳು. ಕುದುರೆ ಬಾಣದಂತೆ ಹೋಯಿತು. "ಅದರ ಕಾಲು ನೆಟ್ಟಗಿದೆ ಕಣ್ರೀ! ನೀವು ಹಿಂದೆ ಬೀಳಬಾರದು ಅಂತ ನಿಮ್ಮ ಹೆಜ್ಜೆಗೆ ಹೆಜ್ಜೆ ಹಾಕ್ತಿದೆ, ಅಷ್ಟೇ." ಪರೀಕ್ಷೆಯ ದಿನ ಹೆಂಡತಿ ಓಡಿಸಿದಳು, ಕುದುರೆಯ ಹೆಸರು ಪುಸ್ತಕ ಸೇರಿತು. ಮನೆಗೆ ಮರಳುವಾಗ ಮಾತ್ರ, ಬಾಡಿಗೆ ಉಳಿಯುತ್ತದೆಂಬ ನೆಪ ಹೇಳಿ ಯಜಮಾನರು ಲಾರಿಯನ್ನು ಕಳಿಸಿಬಿಟ್ಟು, ಹಗ್ಗ ತಾವೇ ಹಿಡಿದು ಹೊರಟರು. ದಾರಿಯುದ್ದಕ್ಕೂ ಇಬ್ಬರೂ ಕುಂಟುತ್ತಾ.